ಅರ್ಧ ಸ್ವರದ ಜಗಳ

ಆ ದಿನ ಬೆಳಿಗ್ಗೆ ಮೇಷ್ಟ್ರಿಗೆ ಹಾಲಿಲ್ಲದ ಕಾಫಿ ಸಿಕ್ಕಿತು. ತಪ್ಪು ಯಾರದೆಂದು ಕೇಳಿದ್ದರೆ ತಮ್ಮದಂತೂ ಅಲ್ಲವೆಂದು ಎದೆ ತಟ್ಟಿ ಹೇಳುತ್ತಿದ್ದರು. ಹಿಂದಿನ ಸಂಜೆ ಹೆಂಡತಿ ಕೊಟ್ಟ ಚೀಟಿಯಲ್ಲಿ ಸಕ್ಕರೆ ಇತ್ತು, ಸೋಪು ಇತ್ತು, ಬಚ್ಚಲುಮನೆಯ ಬಲ್ಬು ಇತ್ತು. ಹಾಲು ಇರಲಿಲ್ಲ.

"ಹಾಲು ದಿನಾ ತರೋದೇ ಅಲ್ವೇನ್ರೀ? ಅದನ್ನೂ ಬರೀಬೇಕಾ?"

"ಬರೆದಿದ್ರೆ ತರ್ತಿದ್ದೆ. ಬರೆದಿಲ್ಲದ್ದನ್ನ ತಿಳ್ಕೊಳ್ಳೋಕೆ ನಾನೇನು ಸರ್ವಜ್ಞನಾ?"

ಇದು ಮೇಷ್ಟ್ರ ಜೀವನಸಿದ್ಧಾಂತ. ಶಾಲೆಯಲ್ಲಿ ಸಂಗೀತ ಕಲಿಸಿ ನಿವೃತ್ತರಾದ ಅವರು ಹರೆಯದಿಂದಲೂ ಹಾಡುಬಳಗವೊಂದನ್ನು ನಡೆಸಿಕೊಂಡು ಬಂದಿದ್ದಾರೆ. ಪಾಶ್ಚಾತ್ಯ ಸಂಗೀತದಲ್ಲಿ ಸ್ವರ ಬರೆಯುವ ಆ ಐದು ಗೆರೆಗಳ ಮೇಲೆ ಏನಿದೆಯೋ ಅದೇ ಅವರಿಗೆ ಕಟ್ಟಳೆ. ಬಳಗದವರು ಬೆನ್ನ ಹಿಂದೆ 'ಗೆರೆ ಮೇಷ್ಟ್ರು' ಎಂದು ಕರೆಯುವುದು ಅದಕ್ಕೇ. ಹೆಂಡತಿಯ ಕಸುಬು ಇದಕ್ಕೆ ತದ್ವಿರುದ್ಧ. ಆಕೆ ಅಚ್ಚುಮನೆಯಲ್ಲಿ ಕರಡು ತಿದ್ದುವವಳು. "ಬರೆದದ್ದರಲ್ಲಿ ತಪ್ಪು ಹುಡುಕೋದಕ್ಕೇ ನಂಗೆ ಸಂಬಳ. ಬರೆದಿದೆ ಅಂದ ಮಾತ್ರಕ್ಕೆ ನಂಬಿಬಿಡೋಕಾಗತ್ತಾ?" ಎನ್ನುವವಳು. ಬಳಗದ ಹೆಂಗಸರ ಸಾಲಿಗೆ ಆಕೆಯ ದನಿಯೇ ಆಸರೆ.

ಇತ್ತೀಚೆಗೆ ಮೇಷ್ಟ್ರ ತಲೆಗೆ ಒಂದು ಭಾರಿ ಯೋಚನೆ ಹೊಕ್ಕಿತ್ತು. ಗ್ರಂಥಾಲಯದಲ್ಲಿ ಸಿಕ್ಕ, ಶತಮಾನಗಳಷ್ಟು ಹಳೆಯ ಯುರೋಪಿನ ಹಾಡೊಂದನ್ನು ಸ್ವರ ಬರೆಯುವ ಸಾಫ್ಟ್‌ವೇರಿನಲ್ಲಿ ಹೊಸದಾಗಿ ಬರೆದು ಬಳಗದಿಂದ ಹಾಡಿಸಬೇಕು! ಊಟದ ಮೇಜು ಕಂಪ್ಯೂಟರಿನ ಪಾಲಾಯಿತು. ಗಂಡ ಹೆಂಡತಿ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣತೊಡಗಿದರು.

ಹಳೆಯ ಹಾಳೆಯಲ್ಲಿ ಸ್ವರಗಳು ಚೌಕಚೌಕವಾಗಿ ಕೂತಿದ್ದವು. ತಾಳವನ್ನು ತುಂಡು ಮಾಡುವ ನಿಲುಗೆರೆ ಹುಡುಕಿದರೂ ಇಲ್ಲ. ಆ ಕಾಲದವರು ಗೆರೆ ಹಾಕದೆಯೇ ಹಾಡಿಕೊಂಡಿದ್ದರು. ಸಾಫ್ಟ್‌ವೇರಿಗೋ ಗೆರೆಯಿಲ್ಲದೆ ಉಸಿರೇ ಆಡದು. ಎರಡು ಗೆರೆಗಳ ನಡುವೆ ಎಷ್ಟು ಎಣಿಕೆ, ಮೊದಲು ಹೇಳು ಎಂದು ಪಟ್ಟು ಹಿಡಿಯುತ್ತದೆ; ಹೇಳಿದರೆ, ಎಣಿಕೆ ತುಂಬದ ಕಡೆಯಲ್ಲೆಲ್ಲ ತಾನೇ ವಿರಾಮದ ಚಿಹ್ನೆ ತುಂಬುತ್ತದೆ.

"ಕೆಲಸ ಇಲ್ಲದ ಕಡೆಯೆಲ್ಲಾ ಯಾರನ್ನೂ ಕೇಳ್ದೆ ವಿರಾಮ ತಗೊಳತ್ತಾ?" ಹೆಂಡತಿ ಬಗ್ಗಿ ನೋಡಿದಳು. "ನಿಮ್ಮ ಜೊತೆ ಚೆನ್ನಾಗಿ ಹೊಂದ್ಕೊಂಡಿದೆ ಬಿಡಿ."

ಮೇಷ್ಟ್ರು ಹಟ ಬಿಡದೆ 'ಗೆರೆ ಮರೆಮಾಡು' ಎಂಬ ಗುಂಡಿಯನ್ನು ಪತ್ತೆ ಹಚ್ಚಿದರು. (ಗೆರೆ ಮೇಷ್ಟ್ರೇ ಗೆರೆ ಅಳಿಸುವ ಕಾಲ ಬಂತಲ್ಲ ಎಂದು ಬಳಗದವರು ಆಮೇಲೆ ನಕ್ಕದ್ದು ಅವರಿಗೆ ಗೊತ್ತಿಲ್ಲ.)

ಅಸಲು ಜಗಳ ಹುಟ್ಟಿದ್ದು ಹಾಡಿನ ಕೊನೆಯಲ್ಲಿ. ಕಡೆಯ ಸ್ವರ ಮುಟ್ಟುವುದಕ್ಕೆ ಮುಂಚಿನ ಒಂದು ಸ್ವರವನ್ನು ಕಂಪ್ಯೂಟರು ಬರೆದಿದ್ದಂತೆಯೇ ನುಡಿಸಿತು. ಅಡುಗೆಮನೆಯಲ್ಲಿ ಅದನ್ನೇ ಗುನುಗುತ್ತಿದ್ದ ಹೆಂಡತಿ ಆ ಸ್ವರವನ್ನು ಅರ್ಧ ಮೆಟ್ಟಿಲು ಮೇಲೆತ್ತಿ ಹಾಡಿದಳು.

"ಅಲ್ಲಿ ಏರಿಸೋ ಚಿಹ್ನೆ ಇಲ್ಲ ಕಣೇ."

"ಇಲ್ದಿದ್ರೇನು? ಬಾಯಿ ತಾನಾಗೇ ಅಲ್ಲಿಗೆ ಹೋಗತ್ತೆ. ಆ ಕಾಲದವರಿಗೂ ಹೋಗಿರತ್ತೆ. ಎಲ್ಲರಿಗೂ ಗೊತ್ತಿರೋದನ್ನ ಯಾರಾದ್ರೂ ಶಾಯಿ ದಂಡ ಮಾಡಿ ಬರೀತಾರಾ?"

"ನೋಡು, ಸುಮ್ನೆ ಅಪಸ್ವರ ಎತ್ತಬೇಡ."

"ನಾನೆತ್ತಿದ್ದು ಅರ್ಧ ಸ್ವರ. ಅಪಸ್ವರ ನಿಮ್ಮ ಕಂಪ್ಯೂಟರ್‌ದು."

ಅಭ್ಯಾಸದ ದಿನ ಎಲ್ಲರೂ ಬರೆದಂತೆ ಹಾಡಿದರು, ಆಕೆ ಮಾತ್ರ ಏರಿಸಿದಳು. ಮತ್ತೆ ಹಾಡಿಸಿದರೆ ಮತ್ತೆ ಏರಿಸಿದಳು. ಮೇಷ್ಟ್ರ ಪಿತ್ತ ನೆತ್ತಿಗೇರಿತು. "ಬರೆದ ಹಾಗೆ ಹಾಡೋಕಾಗದವರು ಈ ಸಲ ಕೆಳಗೆ ಕೂತು ಕೇಳಬಹುದು" ಎಂದು ಎಲ್ಲರ ಮುಂದೆ ಹೇಳಿಬಿಟ್ಟರು. ಆಕೆ ಹಾಳೆಗಳನ್ನು ಜೋಡಿಸಿ ಕುರ್ಚಿಯ ಮೇಲಿಟ್ಟು, ಇಳಿದು ಹೋದಳು.

ಮೇಷ್ಟ್ರ ಎದುರಿಗೆ ಈಗ ಬರೀ ಕುರ್ಚಿ ಉಳಿಯಿತು. ಮದುವೆಗೆ ಮುಂಚಿನಿಂದಲೂ, ಅವರು ಹಾಡಿಸಲು ಕೈ ಎತ್ತಿದಾಗ ಮೊದಲು ಕಣ್ಣಿಗೆ ಬೀಳುತ್ತಿದ್ದದ್ದು ಆಕೆಯ ಮುಖ. ಆದರೆ ಅಷ್ಟು ಜನರೆದುರು ಆಡಿದ ಮಾತನ್ನು ನುಂಗಿಕೊಳ್ಳುವುದು ಹೇಗೆ? ಮನೆಯಲ್ಲಿ ಮಾತು ನಿಂತಿತು. ಅಡುಗೆಮನೆಯ ಗುನುಗು ಮಾತ್ರ ನಿಲ್ಲಲಿಲ್ಲ. ಕೊನೆಗೆ ಬಂದಾಗಲೆಲ್ಲ ಆ ಸ್ವರ ನಿರ್ಭಯವಾಗಿ ಏರುತ್ತಿತ್ತು. ಮೇಷ್ಟ್ರು ಬಾಗಿಲು ಮುಂದೆ ಮಾಡಿಕೊಂಡರು. ಅದು ಬಾಗಿಲ ಸಂದಿಯಿಂದಲೂ ಬಂತು.

ಕಾರ್ಯಕ್ರಮದ ದಿನ ಆಕೆ ಕೊನೆಯ ಸಾಲಿನಲ್ಲಿ ಕೂತಳು. ಆಕೆಯಿಲ್ಲದೆ ಹೆಂಗಸರ ದನಿ ತೆಳ್ಳಗಾಗಿತ್ತು. ಮೇಷ್ಟ್ರು ಸಭೆಗೆ ಬೆನ್ನು ಮಾಡಿ ನಿಂತವರು, ಯಾರಿಗೆ ಕಾಣುತ್ತದೆ ಎಂದುಕೊಂಡು, ತಾವೂ ಕೆಳದನಿಯಲ್ಲಿ ಹೆಂಗಸರ ಸಾಲಿಗೆ ಸೇರಿಕೊಂಡು ಹಾಡಿದರು. ಚಪ್ಪಾಳೆ ಜೋರಾಗಿಯೇ ಬಿತ್ತು. ಆದರೂ ಕೊನೆಯಲ್ಲಿ ಏನೋ ಕಿವಿಗೆ ತಾಗಿತ್ತು. ಯಾರೋ ಒಬ್ಬರು ಏರಿಸಿದ್ದರು!

ಅವರ ಸಂಶಯ ಬಳಗದ ಗಂಡಸರ ಸಾಲಿನಲ್ಲಿ ಹಾಡುವ ಹಲ್ಲಿನ ಡಾಕ್ಟರೊಬ್ಬರ ಮೇಲೆ ಹೋಯಿತು. ಬೆಳಿಗ್ಗೆಯೇ ಫೋನು ಮಾಡಿ ಶಿಸ್ತಿನ ಬಗ್ಗೆ ಒಂದು ಉಪನ್ಯಾಸ ಕೊಟ್ಟರು. "ಸಾರ್, ಗಂಡಸರ ಸಾಲಿಗೆ ಆ ಸ್ವರಾನೇ ಇಲ್ವಲ್ಲ" ಎಂದರು ಡಾಕ್ಟರು, ಯಾರದೋ ಹಲ್ಲು ಹಿಡಿದುಕೊಂಡೇ.

ಹಾಗಾದರೆ ಯಾರು? ಮೇಷ್ಟ್ರು ಕಾರ್ಯಕ್ರಮದ ಧ್ವನಿಮುದ್ರಣ ಹಾಕಿ, ಸಾಕ್ಷಿಗೆಂದು ಹೆಂಡತಿಯನ್ನು ಕರೆದು ಕೂರಿಸಿದರು.

"ಕೇಳು! ಯಾರೋ ಗಂಡಸು! ಎಷ್ಟು ಧೈರ್ಯ ನೋಡು, ನಿನ್ನ ಸ್ವರಾನೇ ಹಾಡ್ತಿದಾನೆ. ನೀನೇ ಹೇಳ್ಕೊಟ್ಟಿರ್ಬೇಕು."

"ನಾನ್ಯಾಕೆ ಹೇಳ್ಕೊಡ್ಲಿ? ಇನ್ನೊಂದ್ಸಲ ಹಾಕಿ." ಕೇಳಿದಳು. ತುಟಿಯ ಒಂದು ಕೊನೆ ಮಾತ್ರ ಅಲುಗಿತು. "ದಿನಾ ಬೆಳಿಗ್ಗೆ ಬಚ್ಚಲುಮನೆಯಿಂದ ಕೇಳೋ ಗಂಟಲು. ನಂಗೆ ಗುರುತು ಸಿಗಲ್ವಾ?"

ಮೇಷ್ಟ್ರು ಮತ್ತೊಮ್ಮೆ ಹಾಕಿದರು. ಇಡೀ ಬಳಗ ಬರೆದಂತೆ ಹಾಡಿತ್ತು. ಗೆರೆ ದಾಟಿದವರು ಗೆರೆ ಮೇಷ್ಟ್ರೊಬ್ಬರೇ. ಅದಕ್ಕಿಂತ ನಾಚಿಕೆಯ ಸಂಗತಿಯೆಂದರೆ, ಆ ಜಾಗದಲ್ಲಿ ಸರಿಯೆನಿಸಿದ್ದೂ ಅದೊಂದೇ ಸ್ವರ. ಆಕೆಯ ದನಿಯ ಜಾಗ ತುಂಬಲು ಹೋಗಿ ಆಕೆಯ ಸ್ವರವನ್ನೇ ಹಾಡಿದ್ದರು, ತಮಗೇ ತಿಳಿಯದೆ.

ಡಾಕ್ಟರಲ್ಲಿ ಕ್ಷಮೆ ಕೇಳಿದ್ದಾಯಿತು. ಹೆಂಡತಿಯಲ್ಲಿ? ಮೇಷ್ಟ್ರು ಸದ್ದಿಲ್ಲದೆ ಕಂಪ್ಯೂಟರಿನ ಮುಂದೆ ಕೂತು, ಆ ಸ್ವರದ ನೆತ್ತಿಯ ಮೇಲೆ ಏರಿಸುವ ಚಿಹ್ನೆಯನ್ನು ಪುಟ್ಟದಾಗಿ ಇಟ್ಟರು. ಹಾಳೆ ಮುದ್ರಿಸಿ ಆಕೆಯ ಕನ್ನಡಕದ ಪಕ್ಕದಲ್ಲಿಟ್ಟರು. ಬರೆಯದೆಯೇ ಅರ್ಥವಾಗುವುದು ಎಷ್ಟೊಂದಿದೆ, ಹಾಡಿನಲ್ಲೂ ಸಂಸಾರದಲ್ಲೂ, ಎಂದು ಅವರ ಮನಸ್ಸು ತುಂಬಿ ಬಂತು. ಹೊಸ ಜ್ಞಾನೋದಯದ ಹುರುಪಿನಲ್ಲಿ, ಆಕೆ ಹಿಂದೆಯೇ ಬರುತ್ತಾಳೆಂದು ಅಭ್ಯಾಸಕ್ಕೆ ಹೊರಟೇಬಿಟ್ಟರು.

ಆಕೆಯ ಕುರ್ಚಿ ಕೊನೆಯವರೆಗೂ ಖಾಲಿಯಿತ್ತು. ಮನೆಗೆ ಬಂದು ನೋಡಿದರೆ ಮಹಾತಾಯಿ ಕೆಂಪು ಪೆನ್ನು ಹಿಡಿದು ಕರಡು ತಿದ್ದುತ್ತಿದ್ದಾಳೆ.

"ಯಾಕೆ ಬರ್ಲಿಲ್ಲ?"

"ಯಾರೂ ಕರೀಲಿಲ್ಲ."

"ಚಿಹ್ನೆ ಹಾಕಿದ್ನಲ್ಲೇ! ಅದರಲ್ಲೇ ಎಲ್ಲಾ ಬಂತಲ್ಲ. ಬಾಯಿಬಿಟ್ಟು ಬೇರೆ ಹೇಳ್ಬೇಕಾ?"

"ಹಾಲಿಗೆ ಚೀಟಿ ಕೇಳಿದವರು ನೀವು. ಕೆಳಗೆ ಕೂತ್ಕೋ ಅಂತ ಚಿಹ್ನೆ ಹಾಕಿ ಹೇಳಿದ್ರಾ? ಬಾಯಿಬಿಟ್ಟೇ ತಾನೇ ಹೇಳಿದ್ದು, ಅಷ್ಟು ಜನರ ಮುಂದೆ?" ಆಕೆ ಪೆನ್ನು ಕೆಳಗಿಟ್ಟಳು. "ನಂಗೆ ಬೇಜಾರಾಗಿತ್ತು ಕಣ್ರೀ."

ಮೇಷ್ಟ್ರು ತಲೆ ತಗ್ಗಿಸಿದರು. "ತಪ್ಪಾಯ್ತು. ಬಾ."

"ಬರೆದುಕೊಡಿ."

ಮೇಷ್ಟ್ರು ಒಂದು ಹಾಳೆ ತೆಗೆದು, ಮುತ್ತಿನಂಥ ಅಕ್ಷರದಲ್ಲಿ, 'ನನ್ನಿಂದ ತಪ್ಪಾಗಿದ್ದರೆ ಕ್ಷಮಿಸು. ಬಳಗಕ್ಕೆ ಬಾ' ಎಂದು ಬರೆದುಕೊಟ್ಟರು. ಆಕೆ ಕನ್ನಡಕ ಏರಿಸಿ, ಕೆಂಪು ಪೆನ್ನಿನಿಂದ 'ದ್ದರೆ' ಎಂಬುದನ್ನು ಹೊಡೆದು ಹಾಕಿ, ಮೇಲೆ ಪುಟ್ಟದಾಗಿ 'ದೆ' ಎಂದು ಬರೆದು, ಅಲ್ಲೊಂದು ಪೂರ್ಣವಿರಾಮ ಒತ್ತಿ ಹಾಳೆ ವಾಪಸು ಕೊಟ್ಟಳು.

"ಮುಂದಿನ ಅಭ್ಯಾಸದಲ್ಲಿ ಇದನ್ನ ಎಲ್ಲರ ಮುಂದೆ ಓದಿ, ನಾನು ಬರ್ತೀನಿ. ಬರೆದ ಹಾಗೇ ಓದ್ಬೇಕು ಮತ್ತೆ. ದನಿ ಏರಿಸಬಾರದು."