ಟೋಪಿ ಸಾಹುಕಾರ ಸತ್ತರೆ ನನ್ನ ಕೆಲಸ ಹೋಗುತ್ತಿತ್ತು

ಟೋಕಿಯೊದಲ್ಲಿ ಬೆಳೆದ ಕನ್ನಡದ ಮಕ್ಕಳಿಗೆ ಇಂಗ್ಲಿಷ್ ಸಾಹಿತ್ಯ ಹೇಳಿಕೊಡುವವನು ತಮಾಷೆಯನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅದು ತಾನಾಗಿಯೇ ಉತ್ತರ ಪತ್ರಿಕೆಯೊಳಗೆ ಬಂದು ಕೂತಿರುತ್ತದೆ. ನಾನು ಸುಲಭಕ್ಕೆ ನಗುವವನಲ್ಲ. ಅಲ್ಪವಿರಾಮ ತಪ್ಪಿದರೂ ಅರ್ಧ ಅಂಕ ಕಳೆಯುತ್ತೇನೆ. ತಡವಾಗಿ ಬಂದವರು ಬಾಗಿಲಲ್ಲೇ ನಿಲ್ಲಬೇಕು. ಈ ವರ್ಷ ಮಾತ್ರ ಉಳಿದವರು ನಗುವ ಕಡೆಯೆಲ್ಲ ನಾನು ಬೆವರಿದ್ದೇನೆ.

ಹನ್ನೊಂದನೇ ತರಗತಿಗೆ ‘ಸಾಹಿತ್ಯದಲ್ಲಿ ಸಂಪತ್ತು, ಅಂತಸ್ತು ಮತ್ತು ಅಮೆರಿಕನ್ ಕನಸು’ ಎಂಬ ಪಾಠವಿದೆ. ಅದಕ್ಕೆ ಬೋರ್ಡಿನ ಪಟ್ಟಿಯಿಂದ ಕಾದಂಬರಿ ಆರಿಸಿದವನು ನಾನೇ. ಬಡಹುಡುಗನೊಬ್ಬ ಟೋಪಿ ವ್ಯಾಪಾರ ಮಾಡಿ ಭಾರೀ ಸಾಹುಕಾರನಾಗುತ್ತಾನೆ, ಗುಡ್ಡದ ಮೇಲೆ ಬಂಗಲೆ ಕಟ್ಟಿಸುತ್ತಾನೆ, ಕೊನೆಗೆ ಅದರಲ್ಲಿ ಒಬ್ಬನೇ ಸಾಯುತ್ತಾನೆ. ನಮ್ಮ ಪ್ರಿನ್ಸಿಪಾಲ್ ಮೇಡಂ ಒಂದು ದಿನ ನನ್ನನ್ನು ಕರೆಸಿದರು.

“ಸರ್, ಪೇರೆಂಟ್ಸ್ ಆಕ್ಷೇಪ ಎತ್ತಿದ್ದಾರೆ. ನಾವು ದುಡಿಯೋಕೆ ಅಂತ ದೇಶ ಬಿಟ್ಟು ಬಂದ್ರೆ, ಈ ಮೇಷ್ಟ್ರು ದುಡಿದವನು ಹಾಳಾದ ಅಂತ ಪಾಠ ಮಾಡ್ತಾರೆ ಅಂತ. ಓಪನ್ ಕ್ಲಾಸ್ ದಿನ ಪಾಠ ನೋಡೋಕೆ ಅವರೂ ಬರ್ತಾರೆ, ನಮ್ಮ ಸ್ಕೂಲ್ ಟ್ರಸ್ಟಿನ ಅಧ್ಯಕ್ಷರೂ ಬರ್ತಾರೆ. ನಿಮ್ಮ ಕಾಂಟ್ರ್ಯಾಕ್ಟ್ ವಿಷಯ ಆಮೇಲೆ ನೋಡೋಣ.”

ಕಾಂಟ್ರ್ಯಾಕ್ಟ್ ಹೋದರೆ ಕೆಲಸ ಹೋಗುತ್ತದೆ, ಅದರ ಹಿಂದೆಯೇ ವೀಸಾ. ಮನೆಗೆ ಬಂದು ಹೇಳಿದೆ.

“ಬೇರೆ ಪುಸ್ತಕ ತಗೊಳ್ರೀ,” ಅಂದಳು ಹೆಂಡತಿ.

“ಆರಿಸಿದ ಪುಸ್ತಕ ಬದಲಿಸುವ ಪ್ರಶ್ನೆಯೇ ಇಲ್ಲ.”

“ಸರಿ ಬಿಡಿ. ಅವನು ಊರಿಗೆಲ್ಲ ಟೋಪಿ ಹಾಕಿದ, ಕೊನೇದು ನಮಗೆ.”

ನಲವತ್ತು ಕೋಣೆ

‘ನಾಯಕನ ಶ್ರೀಮಂತಿಕೆಯನ್ನು ಲೇಖಕರು ಹೇಗೆ ತೋರಿಸುತ್ತಾರೆ?’ ಎಂದು ಪ್ರಬಂಧ ಕೊಟ್ಟಿದ್ದೆ. ಒಬ್ಬ ಹುಡುಗಿ ಬರೆದಿದ್ದಳು: ‘ಪಾಪ, ಅಷ್ಟು ದುಡ್ಡಿದ್ದರೂ ಅವನು ಕೊನೆಯವರೆಗೂ ಮ್ಯಾನ್ಶನ್ನಿನಲ್ಲೇ ಇದ್ದ.’

ಕರೆದು ಕೇಳಿದೆ. “ಮ್ಯಾನ್ಶನ್ ಅಂದರೇನಮ್ಮ?”

“ನಮ್ಮ ಮನೆ ಸರ್. ನೀವಿರೋದೂ ಅದೇ ಅಲ್ವಾ?”

ಕಾದಂಬರಿಯಲ್ಲಿ ಗುಡ್ಡದ ಮೇಲಿನ ಬಂಗಲೆಗೆ ಬಳಸಿದ ಪದ ಅದು. ಆದರೆ ಅವಳ ಮಾತೂ ಸುಳ್ಳಲ್ಲ. ಜಪಾನಿನಲ್ಲಿ ಕಾಂಕ್ರೀಟಿನ ಫ್ಲ್ಯಾಟುಗಳಿಗೆಲ್ಲ ‘ಮ್ಯಾನ್ಶನ್’ ಎಂದೇ ಹೆಸರು. ಕಾಲು ಚಾಚಿದರೆ ಗೋಡೆಗೆ ತಗಲುವ ಒಂದು ಕೋಣೆಯ ಗೂಡೂ ‘ಒನ್ ರೂಮ್ ಮ್ಯಾನ್ಶನ್’.

“ಆ ಮನೆಗೆ ನಲವತ್ತು ಕೋಣೆ ಅಂತ ಬರೆದಿದೆಯಲ್ಲ?”

“ಹೌದು ಸರ್. ನಲವತ್ತು ಫ್ಯಾಮಿಲಿ.”

“ಹಾಗಾದರೆ ಅವನು ಒಬ್ಬನೇ ಸಾಯುವುದು ಹೇಗೆ?”

“ಅದೇ ಸರ್ ಟ್ರ್ಯಾಜಿಡಿ. ನಲವತ್ತು ಫ್ಯಾಮಿಲಿ ಇದ್ದೂ ಒಬ್ಬರೂ ಬಂದು ಬೆಲ್ ಮಾಡಲಿಲ್ಲ. ನಮ್ಮ ಬಿಲ್ಡಿಂಗೂ ಹಂಗೇ.”

ಪದದ ಅರ್ಥಕ್ಕೆ ಸೊನ್ನೆ ಹಾಕಿ, ಕಾದಂಬರಿಯ ಅರ್ಥಕ್ಕೆ ಪೂರ್ತಿ ಅಂಕ ಕೊಡಬೇಕಾಯಿತು.

ಕೊನೆಯ ಅಧ್ಯಾಯ

ನಮ್ಮವರೇ ತುಂಬಿರುವ ನಿಶಿ ಕಸಾಯಿ ಬಡಾವಣೆಯ ಇಂಡಿಯನ್ ಅಂಗಡಿಯಲ್ಲಿ ಕರಿಬೇವು ಆರಿಸುತ್ತಿದ್ದೆ. ಅದೇ ಹುಡುಗಿಯ ಅಪ್ಪ ಎದುರಾದರು. ಶಿನಾಗಾವಾದ ಕಂಪನಿಯೊಂದರಲ್ಲಿ ದೊಡ್ಡ ಮ್ಯಾನೇಜರ್. ಆಕ್ಷೇಪ ಎತ್ತಿದವರಲ್ಲಿ ಮೊದಲನೆಯವರು. ಎರಡೂ ಕೈಯಲ್ಲಿ ಅಕ್ಕಿ ಚೀಲ ಹಿಡಿದುಕೊಂಡೇ ನನ್ನ ದಾರಿಗೆ ಅಡ್ಡ ನಿಂತರು.

“ಸರ್, ಅವನನ್ನ ಯಾಕೆ ಸಾಯಿಸ್ತೀರಿ?”

“ನಾನು ಸಾಯಿಸುತ್ತಿಲ್ಲ. ಲೇಖಕರು ಸಾಯಿಸಿದ್ದಾರೆ.”

“ನಾನೂ ಓದಿದೆ ಸರ್. ಕೊನೇ ಚಾಪ್ಟರಿನ ಹಿಂದಿನ ಚಾಪ್ಟರಲ್ಲಿ ಎಲ್ಲಾ ಸೆಟ್ ಆಗಿದೆ. ಮನೆ ಇದೆ, ಕಾರಿದೆ, ಬಿಸಿನೆಸ್ ಚೆನ್ನಾಗಿ ನಡೀತಿದೆ. ಅಲ್ಲಿಗೇ ಪುಸ್ತಕ ಮುಚ್ಚಿಬಿಡಿ.”

“ಅರ್ಧ ಓದಿಸಿ ಬಿಡುವುದು ನನ್ನ ಪದ್ಧತಿಯಲ್ಲ.”

“ಮಕ್ಕಳ ಮನಸ್ಸಿನ ಮೇಲೆ ಏನು ಪರಿಣಾಮ ಆಗುತ್ತೆ, ಯೋಚನೆ ಮಾಡಿ! ನನ್ನ ಮಗಳು ಮೊನ್ನೆ ನನ್ನ ಮುಖ ನೋಡಿ, ಅಪ್ಪಾ ನೀವು ಖುಷಿಯಾಗಿದ್ದೀರಾ ಅಂತ ಕೇಳಿದ್ಲು. ಊಟದ ಹೊತ್ತಲ್ಲಿ!”

ಹಿಂದೆ ಬಿಲ್ಲಿಗೆ ನಿಂತಿದ್ದವರೆಲ್ಲ ಕಿವಿ ನೆಟ್ಟಗೆ ಮಾಡಿಕೊಂಡರು. ನನಗೋ ಕಾಂಟ್ರ್ಯಾಕ್ಟಿನ ಭಯ. ಆದರೂ ಸುಳ್ಳು ಹೇಳಲಾರೆ.

“ನೋಡಿ, ಬೋರ್ಡ್ ಪರೀಕ್ಷೆಯಲ್ಲಿ ದೊಡ್ಡ ಪ್ರಶ್ನೆ ಬರುವುದೇ ಕೊನೆಯ ಅಧ್ಯಾಯದಿಂದ.”

ಅಕ್ಕಿ ಚೀಲಗಳು ನೆಲಕ್ಕಿಳಿದವು. “ಮಾರ್ಕ್ಸ್ ಇದೆಯಾ?”

“ಇದೆ.”

“ಮೊದಲೇ ಹೇಳಬಾರದಾ ಸರ್! ಹಂಗಾದ್ರೆ ಸಾಯ್ಲಿ ಬಿಡಿ.”

ಒಳಗಿನದು ಕಾಣುವ ಚೀಲ

ಅಂತಸ್ತು ಎಂದರೇನೆಂದು ವಿವರಿಸಲು ತರಗತಿಯಲ್ಲಿ ಕೇಳಿದೆ: “ಟೋಪಿ ಸಾಹುಕಾರ ಬೆಳ್ಳಿಯ ಊರುಗೋಲು ಹಿಡಿದು ಓಡಾಡುತ್ತಾನೆ. ನಮ್ಮ ಬಿಲ್ಡಿಂಗುಗಳಲ್ಲಿ ಯಾರ ಅಂತಸ್ತು ಎಷ್ಟು ಅಂತ ಹೇಗೆ ತಿಳಿಯುತ್ತದೆ?”

“ಕಸದಿಂದ ಸರ್,” ಅಂದ ಒಬ್ಬ.

ಇಲ್ಲಿ ಕಸವನ್ನು ಒಳಗಿನದು ಕಾಣುವ ಚೀಲದಲ್ಲೇ ಕಟ್ಟಿ ಇಡಬೇಕು. ಆ ಹುಡುಗನ ಮೇಲಿನ ಮನೆಯ ಆಂಟಿ ಗಿನ್ಜಾದ ದುಬಾರಿ ಅಂಗಡಿಯ ಸುತ್ತುಕಾಗದವನ್ನು, ಹೆಸರು ಹೊರಗೆ ಕಾಣುವ ಹಾಗೆ ಮಡಚಿ, ಚೀಲದ ಅಂಚಿಗೆ ಇಡುತ್ತಾರಂತೆ. ಎಷ್ಟೋ ವಾರದಿಂದ ಅದೇ ಕಾಗದವಂತೆ. ರಾತ್ರಿ ಬಂದು ಅದನ್ನು ವಾಪಸು ತೆಗೆದುಕೊಂಡು ಹೋಗುತ್ತಾರೋ ಏನೋ ಎಂದು ಅವನ ಅನುಮಾನ.

ಒಳ್ಳೆಯ ಉದಾಹರಣೆ ಎಂದು ಹೊಗಳಿದೆ. ಅಲ್ಲಿಗೆ ನಿಲ್ಲಿಸಬೇಕಿತ್ತು.

“ನಿಮ್ಮದೂ ನೋಡಿದ್ದೀವಿ ಸರ್,” ಅಂದ. “ತೋಫು ಡಬ್ಬಿ, ಬ್ರೆಡ್ ಕವರ್, ಎಲ್ಲದರ ಮೇಲೂ ಅರ್ಧ ಬೆಲೆ ಸ್ಟಿಕ್ಕರ್.”

ಸೂಪರ್ ಮಾರ್ಕೆಟ್ಟಿನವರು ಸಂಜೆ ಉಳಿದ ಪದಾರ್ಥಕ್ಕೆ ಅಂಟಿಸುವ ಕೆಂಪು ಸ್ಟಿಕ್ಕರ್ ಅದು. ಮಿತವ್ಯಯ ಒಂದು ಮೌಲ್ಯ ಎಂದು ಗಂಭೀರವಾಗಿ ಹೇಳಿ ಪುಟ ತಿರುಗಿಸಿದೆ. ಆದರೆ ಅಂದಿನಿಂದ ನಮ್ಮ ಮನೆಯ ಕಸ ಹೊರಗೆ ಹೋಗುವ ಮೊದಲು ಪ್ರೂಫ್ ನೋಡುವುದು ನನ್ನ ಕೆಲಸವಾಗಿದೆ.

ಒಂದೇ ವಾಕ್ಯದಲ್ಲಿ

ಓಪನ್ ಕ್ಲಾಸ್ ದಿನ ಬಂದೇ ಬಂತು. ಅಪ್ಪ ಅಮ್ಮಂದಿರೆಲ್ಲ ತಮ್ಮ ಬೂಟು ಬಾಗಿಲಲ್ಲಿ ಬಿಟ್ಟು, ಶಾಲೆಯವರು ಕೊಟ್ಟ ಚಪ್ಪಲಿ ಹಾಕಿಕೊಂಡು ಹಿಂದಿನ ಗೋಡೆಗೆ ಸಾಲಾಗಿ ನಿಂತರು. ನಡುವೆ ಕುರ್ಚಿಯಲ್ಲಿ ಟ್ರಸ್ಟಿನ ಅಧ್ಯಕ್ಷರು, ವಯಸ್ಸಾದ ಜಪಾನಿ. ಅವರ ಪಕ್ಕ ಪ್ರಿನ್ಸಿಪಾಲ್ ಮೇಡಂ. ನನ್ನ ಸೀಮೆಸುಣ್ಣ ಎರಡು ಸಲ ಮುರಿಯಿತು.

ಅಪಾಯವಿಲ್ಲದ ಪ್ರಶ್ನೆಯೊಂದನ್ನೇ ಕೇಳೋಣವೆಂದು, “ಅಮೆರಿಕನ್ ಕನಸು ಎಂದರೇನು? ಒಂದೇ ವಾಕ್ಯದಲ್ಲಿ ಹೇಳಿ,” ಅಂದೆ.

ಮ್ಯಾನೇಜರ ಮಗಳು ಎದ್ದು ನಿಂತಳು. “ಬಿಲ್ಡಿಂಗಲ್ಲಿ ಯಾರಿಗೂ ಹೇಳಬಾರದ್ದು, ಸರ್.”

“ಅರ್ಥವಾಗಲಿಲ್ಲ.”

“ಅಪ್ಪ ಆಫೀಸಲ್ಲಿ ಅಮೆರಿಕಕ್ಕೆ ಟ್ರಾನ್ಸ್‌ಫರ್ ಕೇಳಿದ್ದಾರೆ ಸರ್. ಬೇರೆ ಫ್ಯಾಮಿಲಿಗೆ ಗೊತ್ತಾದ್ರೆ ಅವರೂ ಕೇಳ್ತಾರೆ ಅಂತ...”

“ಪುಟ್ಟಿ! ಕೂತ್ಕೋ!” ಹಿಂದಿನಿಂದ ಕೂಗು ಬಂತು.

ಅಷ್ಟರಲ್ಲಿ ಇನ್ನೊಬ್ಬ ಕೈ ಎತ್ತಿದ್ದ. “ಸರ್, ನಮ್ಮನೇಲೂ!” ಅವನ ಪಕ್ಕದವಳು, ಅವಳ ಹಿಂದಿನವನು. ನೋಡುತ್ತಿದ್ದಂತೆ ತರಗತಿಯ ಎಲ್ಲ ಕೈಗಳೂ ಮೇಲೆದ್ದವು. ವರ್ಷವಿಡೀ ಇಷ್ಟು ಉತ್ಸಾಹವನ್ನು ನಾನು ಕಂಡಿರಲಿಲ್ಲ.

ಗೋಡೆಯ ಬಳಿ ಗದ್ದಲ ಶುರುವಾಯಿತು. “ನೀವೂನಾ? ಇಲ್ಲೇ ಮನೆ ತಗೋತೀವಿ ಅಂದಿದ್ರಿ?” “ನೀವು ಹೊಸ ಸೋಫಾ ತರಿಸಿದ್ರಲ್ಲ!” “ಅದು ಬಾಡಿಗೇದು ರೀ!”

ಅಧ್ಯಕ್ಷರಿಗೆ ಇಂಗ್ಲಿಷ್ ನಿಧಾನವಾಗಿ ಅರ್ಥವಾಗುತ್ತದೆ. ಅವತ್ತು ಬೇಗ ಅರ್ಥವಾಯಿತು. ಎದ್ದಿದ್ದ ಕೈಗಳನ್ನೆಲ್ಲ ಒಂದು ಸಲ ನೋಡಿದರು, ತಮ್ಮ ಶಾಲೆಯ ಗೋಡೆಗಳನ್ನು ಒಂದು ಸಲ ನೋಡಿದರು. ಹಲ್ಲಿನ ಸಂದಿಯಿಂದ ಉದ್ದಕ್ಕೆ ಉಸಿರೆಳೆದುಕೊಂಡು ನನ್ನನ್ನು ಕೇಳಿದರು: “ಸುಮಿಮಾಸೆನ್, ಕ್ಷಮಿಸಿ ಮಾಸ್ತರೇ. ನಿಮಗೂ ಅಮೆರಿಕನ್ ಕನಸು ಇದೆಯೇ?”

“ಇಲ್ಲ. ಈ ಪುಸ್ತಕ ಮುಗಿಸಬೇಕು, ಅಷ್ಟೇ.”

ಅವರು ಎದ್ದು ಸೊಂಟದವರೆಗೆ ಬಾಗಿ ವಂದಿಸಿ, ಮೇಡಂ ಕಿವಿಯಲ್ಲಿ ಏನೋ ಹೇಳಿ ಹೊರಟುಹೋದರು.

“ಮೂರು ವರ್ಷದ ಕಾಂಟ್ರ್ಯಾಕ್ಟ್ ಕೊಡಿ ಅಂದ್ರು ಸರ್,” ಅಂದರು ಮೇಡಂ, ಕಾರಿಡಾರಿನಲ್ಲಿ.

“ಪಾಠ ಇಷ್ಟವಾಯಿತೇ?”

“ಪಾಠದ ಸುದ್ದಿ ಎತ್ತಲಿಲ್ಲ. ಕೊನೇಗೆ ಉಳಿಯೋರು ನೀವೊಬ್ಬರೇ, ಬಿಡಬೇಡಿ ಅಂದ್ರು.”

ಅಲ್ಲೇ ಸಹಿ ಹಾಕಿ ಮನೆಗೆ ಬಂದೆ. ಹುರುಳಿಕಾಯಿ ಹೆಚ್ಚುತ್ತಿದ್ದ ಹೆಂಡತಿ ಸುದ್ದಿ ಕೇಳಿ ಚಾಕು ಕೆಳಗಿಟ್ಟಳು.

“ಮೂರು ವರ್ಷಾನಾ? ಸಹಿ ಹಾಕೇ ಬಿಟ್ರಾ? ಅಯ್ಯೋ, ನಮ್ಮಕ್ಕ ನ್ಯೂಜೆರ್ಸಿಯಲ್ಲಿ ಒಂದು ಸ್ಕೂಲಲ್ಲಿ ನಿಮಗೋಸ್ಕರ ಮಾತಾಡಿ ಇಟ್ಟಿದ್ದಾಳೆ ಕಣ್ರೀ!”

“ನನಗೆ ಒಂದು ಮಾತು ಹೇಳಬಾರದಿತ್ತೇ?”

“ನಿಮಗೆ ಹೇಳೋದಾ!” ಅಂದಳು. “ಹೇಳಿದ್ದಿದ್ರೆ ಇವತ್ತು ಆ ಅಧ್ಯಕ್ಷರ ಮುಂದೆ ನೀವೂ ಕೈ ಎತ್ತಿರ್ತಿದ್ರಿ.”