ಹಾನ್ಸೆನಮ್ಮ ಎಂಬ ಕುದುರೆ

ಆ ಶುಕ್ರವಾರ ಬನ್ನು ತರುವ ಸರದಿ ಟೋರ್ಬೆನ್‌ನದು. ಟೋರ್ಬೆನ್ ಬರಿಗೈಯಲ್ಲಿ ಬಂದ.

ರಾನರ್ಸ್ ಊರಿನ ಕಸ ವಿಂಗಡಣೆಯ ಅಂಗಳದಲ್ಲಿ ಇದು ಸಣ್ಣ ಸಂಗತಿಯಲ್ಲ. ಅಲ್ಲಿ ತಡವಾಗಿ ಬಂದವರನ್ನು ಕ್ಷಮಿಸುತ್ತಾರೆ, ಕುಡಿದು ಬಂದವರನ್ನು ಮನೆಗೆ ಕಳಿಸುತ್ತಾರೆ, ಹಳೇ ಫ್ರಿಜ್ಜನ್ನು ಮರದ ಸಾಮಾನಿನ ತೊಟ್ಟಿಗೆ ಹಾಕಿಸಿದವರನ್ನೂ ಬೈದು ಬಿಟ್ಟುಬಿಡುತ್ತಾರೆ. ಆದರೆ ಶುಕ್ರವಾರ ಬೆಳಗ್ಗೆ ಬೆಣ್ಣೆ, ಚೀಸು, ಜಾಮು ಎಲ್ಲವೂ ಮೇಜಿನ ಮೇಲೆ ಸಾಲಾಗಿ ಕೂತಿರುವಾಗ ಬನ್ನು ಮರೆತು ಬಂದವನಿಗೆ ಮಾತ್ರ ಕ್ಷಮೆಯಿಲ್ಲ. ಮೂರೇ ಜನ ಕೆಲಸ ಮಾಡುವ ಜಾಗ. ಕಚೇರಿಯ ಮೇಜಿಗೆ ಯುಟ್ಟೆ, ತೊಟ್ಟಿಗಳನ್ನು ಎತ್ತಿ ಇಳಿಸುವ ಯಂತ್ರಕ್ಕೆ ಕುರ್ಟ್, ಬಂದ ಜನರಿಗೆ "ಹಾಸಿಗೆ ಆ ಕಡೆ, ಗಾಜು ಈ ಕಡೆ" ಎಂದು ಕೈ ತೋರಿಸುವುದಕ್ಕೆ ಟೋರ್ಬೆನ್. ಅವನ ಸರದಿ ತಪ್ಪಿದ್ದು ಇದೇ ಮೊದಲು.

"ಯಾರು ಸತ್ರು?" ಎಂದು ಯುಟ್ಟೆ ಕೇಳಿದಳು. ಬೇರೆ ಕಾರಣಕ್ಕೆ ಬನ್ನು ಮರೆಯಬಹುದು ಎಂದು ಅವಳಿಗೆ ಹೊಳೆಯಲೇ ಇಲ್ಲ.

"ಯಾರೂ ಇಲ್ಲ. ಮರೆತೋಯ್ತು, ಅಷ್ಟೇ."

"ಮರೆತೋಯ್ತಂತೆ! ಕೇಳಿದ್ಯಾ ಕುರ್ಟ್? ಜಾಮು ಬರೀ ಚಮಚದಲ್ಲಿ ತಿನ್ನೋಣ."

ಅಷ್ಟರಲ್ಲಿ ಟೋರ್ಬೆನ್‌ನ ಫೋನು ಗುಂಯ್ ಎಂದಿತು. ಅವನು ಮೇಜಿನ ಕೆಳಗೆ ಹಿಡಿದು ಕದ್ದು ನೋಡಿದ. ಕದ್ದು ನೋಡುವುದು ಅವನಿಗೆ ಬರುತ್ತಿರಲಿಲ್ಲ. ಕುರ್ಟ್ ಹಿಂದಿನಿಂದ ಬಗ್ಗಿ ಎಲ್ಲರಿಗೂ ಕೇಳುವ ಹಾಗೆ ಓದಿಯೇಬಿಟ್ಟ:

"'ನಾಲ್ಕು ಗಂಟೆಗೆ, ನಿಲ್ದಾಣದ ಎದುರಿನ ಕಾಫಿ ಅಂಗಡಿ. ಹಸಿರು ಟೊಪ್ಪಿ ಹಾಕ್ಕೊಂಡಿರ್ತೀನಿ. ಎದೆ ಡವಡವ ಅಂತಿದೆ.' ಅಯ್ಯೋ ನಮ್ಮಪ್ಪ! ಟೋರ್ಬೆನ್, ಯಾರಿದು?"

"ಗೇಮ್ ಆಡೋರು. ನೆಟ್ಟಲ್ಲಿ ಒಂದು ಹರಟೆಕಟ್ಟೆ ಇದೆ, ಅಲ್ಲಿಯವರು."

"ಗೇಮ್? ನೀನಾ? ವಯಸ್ಸೆಷ್ಟು ಅವಳಿಗೆ?"

"ಇಪ್ಪತ್ತನಾಲ್ಕು," ಎಂದುಬಿಟ್ಟ ಟೋರ್ಬೆನ್. ಮಗಳ ವಯಸ್ಸು ಕೇಳಿದರೆ ಯಾವ ಅಪ್ಪನ ಬಾಯಿಯೂ ತಾನಾಗಿಯೇ ಹೇಳಿಬಿಡುತ್ತದೆ. ಯುಟ್ಟೆಯ ಕೈಯಿಂದ ಬೆಣ್ಣೆ ಚಾಕು ಜಾರಿತು.

ಅವನು ಆಗಲೇ ನಿಜ ಹೇಳಿಬಿಡಬಹುದಿತ್ತು. ಆದರೆ ಹೇಗೆ ಹೇಳುತ್ತಾನೆ? ಎರಡು ವರ್ಷದಿಂದ ಪ್ರತಿ ಸೋಮವಾರ ಇದೇ ಮೇಜಿನಲ್ಲಿ ಕೂತು, "ನಿನ್ನೆ ಟಿಲ್ಡೆ ಬಂದಿದ್ದಳು, ಹಂದಿಮಾಂಸ ಹುರಿದಿದ್ದೆ, ಚರ್ಮ ಗರಿಗರಿ ಆಗಿತ್ತು ಅಂದಳು" ಎಂದು ಹೇಳಿಕೊಂಡು ಬಂದವನು ಅವನು. ಮಗಳು ಟಿಲ್ಡೆ ಬಂದಿರಲಿಲ್ಲ. ಗರಿಗರಿ ಚರ್ಮವನ್ನು ಅವನೊಬ್ಬನೇ ತಿಂದಿದ್ದ.

ಟಿಲ್ಡೆಗೆ ಹತ್ತು ವರ್ಷವಾದಾಗ ಅವಳ ತಾಯಿ ಬಿರ್ಗಿಟ್ ಇವನನ್ನು ಬಿಟ್ಟು, ವಿಬೋರ್ಗ್‌ನಲ್ಲಿ ಕನ್ನಡಕದ ಅಂಗಡಿ ಇಟ್ಟಿದ್ದ ಮೊಗೆನ್ಸ್ ಎಂಬವನನ್ನು ಕಟ್ಟಿಕೊಂಡಳು. ಮಗಳು ಅವರ ಜೊತೆ ಬೆಳೆದಳು, ವಾರ ಬಿಟ್ಟು ವಾರ ಇವನ ಮನೆಗೆ ಬರುತ್ತಿದ್ದಳು. ಬಂದಾಗಲೆಲ್ಲ ಅಪ್ಪ ಮಗಳು ಸೋಫಾದಲ್ಲಿ ಕೂತು ಗೇಮ್ ಆಡುತ್ತಿದ್ದರು, ಅಂದರೆ ಅವಳು ಆಡುತ್ತಿದ್ದಳು, ಇವನು ಆಲೂಗಡ್ಡೆ ಚಿಪ್ಸ್ ಹಿಡಿದುಕೊಂಡಿರುತ್ತಿದ್ದ. ಎರಡು ವರ್ಷದ ಹಿಂದೆ ಬಿರ್ಗಿಟ್ ತೀರಿಕೊಂಡಳು. ಮಣ್ಣು ಮಾಡಿ ಬಂದು ಎಲ್ಲರೂ ಕಾಫಿ ಕುಡಿಯುತ್ತಿದ್ದಾಗ ಟೋರ್ಬೆನ್ ಅಷ್ಟು ಜನರೆದುರು ಮಗಳನ್ನು ಕೇಳಿದ: "ಇನ್ನಾದ್ರೂ ನಿಜವಾದ ಅಪ್ಪನ ಹತ್ತಿರ ಬರ್ತೀಯಾ?" ಟಿಲ್ಡೆ ಬಟ್ಟಲನ್ನು ಕೆಳಗಿಟ್ಟು ಹೊರಗೆ ಹೋದಳು. ಆಮೇಲೆ ಅವಳ ನಂಬರು ಬದಲಾಯಿತು. ಮೊಗೆನ್ಸ್‌ಗೆ ಫೋನ್ ಮಾಡಿ ಕೇಳಲು ಇವನಿಗೆ ಮುಖವಿರಲಿಲ್ಲ. ಗೆದ್ದವನ ಹತ್ತಿರ ಹೋಗಿ ಕೈಚಾಚುವುದು ಹೇಗೆ?

ಹದಿವಯಸ್ಸಿನಲ್ಲಿ ಟಿಲ್ಡೆ ಒಂದು ಹರಟೆಕಟ್ಟೆಯಲ್ಲಿ ಬೀಡು ಬಿಟ್ಟಿರುತ್ತಿದ್ದಳು. ಅಂತರ್ಜಾಲದ ಕಟ್ಟೆ. ಗುರುವಾರ ಸಂಜೆ ಅಲ್ಲಿ "ಈ ವಾರ ಏನು ಆಡ್ತಿದ್ದೀರಿ?" ಎಂದು ಯಾರೋ ಕೇಳುತ್ತಾರೆ, ಊರೂರಿನವರು ಬಂದು ತಾವು ಆಡುತ್ತಿರುವುದರ ಬಗ್ಗೆ ಹೊಗಳುವುದು, ಉಗಿಯುವುದು, ಜಗಳವಾಡುವುದು ಮಾಡುತ್ತಾರೆ. ಹೋದ ಚಳಿಗಾಲದಲ್ಲಿ ಒಂದು ದಿನ ಟೋರ್ಬೆನ್ ಅದನ್ನು ಹುಡುಕಿ ಓದುತ್ತಾ ಕೂತಿದ್ದಾಗ, 'ಹಸಿರು ಟೊಪ್ಪಿ' ಎಂಬ ಹೆಸರಿನಲ್ಲಿ ಯಾರೋ ಬರೆದದ್ದು ಕಣ್ಣಿಗೆ ಬಿತ್ತು. "ಉಪ್ಪುಗಾಳಿ ಆಡ್ತಿದ್ದೀನಿ. ದ್ವೀಪದಿಂದ ದ್ವೀಪಕ್ಕೆ ಕುದುರೆ ಮೇಲೆ ಅಂಚೆ ಹಂಚೋ ಆಟ. ತುಂಬಾ ಚೆನ್ನಾಗಿದೆ. ಆದ್ರೆ ಕೊನೆ ಬಾಗಿಲು ನಾನು ತೆರೆಯಲ್ಲ. ಅಲ್ಲಿಗೆ ಬಂದಾಗ ಕುದುರೆ ಜೀನು ಬಿಚ್ಚಿ ಮೇಯೋಕೆ ಬಿಟ್ಟು ಆಫ್ ಮಾಡ್ತೀನಿ. ಮುಗಿಸಿಬಿಟ್ರೆ ಅವರೆಲ್ಲ ಎಲ್ಲಿಗೆ ಹೋಗಬೇಕು?"

ಟೋರ್ಬೆನ್ ಕಾಫಿಯನ್ನು ಮಡಿಲಿಗೆ ಚೆಲ್ಲಿಕೊಂಡ. ಹನ್ನೊಂದು ವರ್ಷದ ಟಿಲ್ಡೆ ಸೋಫಾದಲ್ಲಿ ಕೂತು ಹೇಳುತ್ತಿದ್ದ ಮಾತೇ ಅದು. ಹಸಿರು ಟೊಪ್ಪಿಯೋ, ತಾಯಿ ಅವಳಿಗೆ ಹೆಣೆದುಕೊಟ್ಟದ್ದು.

ಮರುದಿನವೇ ಆಟದ ಯಂತ್ರ ಕೊಂಡ. 'ಕಪ್ಪುಹಕ್ಕಿ' ಎಂದು ಹೆಸರಿಟ್ಟುಕೊಂಡು ಕಟ್ಟೆ ಸೇರಿದ. ಮೊದಲ ವಾರ ಅವನ ಅಭಿಪ್ರಾಯ ಇಷ್ಟೇ: "ಈ ಆಟದಲ್ಲಿ ಸಮುದ್ರ ಚೆನ್ನಾಗಿದೆ. ಕುದುರೆ ಅದರೊಳಗೇ ನಿಂತಿದೆ, ಹೊರಗೆ ಬರ್ತಿಲ್ಲ." ಎಲ್ಲರೂ ನಕ್ಕರು. ಹಸಿರು ಟೊಪ್ಪಿ ಮಾತ್ರ ನಗದೆ, "ಹೊಡೀಬೇಡಿ. ಲಗಾಮು ಸಡಿಲ ಬಿಡಿ, ಅದಕ್ಕೇ ದಾರಿ ಗೊತ್ತು" ಎಂದು ಬರೆದಿತ್ತು. ಮಗಳು ಬುದ್ಧಿ ಹೇಳಿದಳೆಂದು ಅವನು ಆ ರಾತ್ರಿ ಅತ್ತ. ಆಮೇಲೆ ಅವನೂ ಒಂದು ಗಾಳ ಹಾಕಿದ: "ನನ್ನ ಕುದುರೆಗೆ ಹಾನ್ಸೆನಮ್ಮ ಅಂತ ಹೆಸರಿಟ್ಟಿದ್ದೀನಿ." ಹಾನ್ಸೆನಮ್ಮ ಟಿಲ್ಡೆಯ ಶಾಲೆಯಲ್ಲಿ ಹಾಲು ಹಂಚುತ್ತಿದ್ದವಳು. ಟಿಲ್ಡೆಯ ಪ್ರತಿ ಆಟದ ಪ್ರತಿ ಕುದುರೆಗೂ ಅವಳ ಹೆಸರೇ. ಆ ದಿನದಿಂದ ಹಸಿರು ಟೊಪ್ಪಿ ಗುರುವಾರ ತಪ್ಪಿಸಲಿಲ್ಲ. ಎಂಟು ತಿಂಗಳು ಇಬ್ಬರೂ ಅಲೆಗಳ ಬಗ್ಗೆ, ಅಂಚೆಚೀಲದ ಬಗ್ಗೆ, ದೀಪಸ್ತಂಭದ ಮುದುಕ ಒಳ್ಳೆಯವನೋ ಕಳ್ಳನೋ ಎಂಬುದರ ಬಗ್ಗೆ ಜಗಳವಾಡಿದರು. ಈಗ ಹಸಿರು ಟೊಪ್ಪಿ ತಾನಾಗಿಯೇ ಭೇಟಿಯಾಗೋಣ ಎಂದಿತ್ತು. ಕಪ್ಪುಹಕ್ಕಿ ಯಾರೆಂದು ನೋಡಿದ ತಕ್ಷಣ ಅವಳು ಎದ್ದು ಹೋದರೆ? ಆ ಭಯದಲ್ಲಿ ಬನ್ನು ಮರೆತಿತ್ತು.

"ನನ್ನ ಅಕ್ಕನ ಪಕ್ಕದ ಮನೆಯವಳಿಗೂ ಹೀಗೇ ಆಯ್ತು," ಎಂದು ಯುಟ್ಟೆ ಶುರುಮಾಡಿದಳು. "ಅಮೆರಿಕದ ಸೇನಾಧಿಕಾರಿ ಅಂದಿದ್ದ. ನೋಡಿದ್ರೆ ಸೇನೆನೂ ಇಲ್ಲ, ಅಧಿಕಾರಿನೂ ಇಲ್ಲ. ಮನೆ ಮಾರಿಸ್ಬಿಟ್ಟ. ಹೋಗ್ಬೇಡ ಟೋರ್ಬೆನ್."

"ಹೋಗ್ಲಿ ಬಿಡೇ," ಎಂದ ಕುರ್ಟ್. "ಪಾಪ, ಎಷ್ಟು ದಿನ ಒಬ್ಬನೇ ಇರ್ತಾನೆ? ಆದ್ರೆ ಈ ಅವತಾರದಲ್ಲಿ ಬೇಡ."

ಮಧ್ಯಾಹ್ನದವರೆಗೆ ಅವನ ಕಣ್ಣು ಗಡಿಯಾರದ ಮೇಲೇ ಇತ್ತು. ಒಬ್ಬ ಹೆಂಗಸಿಗೆ ಹಾಸಿಗೆಯನ್ನು ತೋಟದ ಕಸಕ್ಕೆ ಹಾಕಲು ಹೇಳಿದ. ಗುಲಾಬಿ ಕಡ್ಡಿ ತಂದ ಮುದುಕನನ್ನು ಬ್ಯಾಟರಿಯ ಡಬ್ಬದ ಕಡೆ ಕಳಿಸಿದ. ಮುದುಕ ಒಂದೊಂದೇ ಕಡ್ಡಿಯನ್ನು ಆ ಸಣ್ಣ ತೂತಿನೊಳಗೆ ತುರುಕುತ್ತಾ ನಿಂತಿದ್ದನ್ನು ಕುರ್ಟ್ ನೋಡಿ ಯಂತ್ರ ನಿಲ್ಲಿಸಿ ಓಡಿಬಂದ. ಅವನನ್ನು ಸಮಾಧಾನ ಮಾಡಿ ಕಳಿಸಿದ ಮೇಲೆ, ಟೋರ್ಬೆನ್‌ನನ್ನು ಶೌಚಾಲಯಕ್ಕೆ ಎಳೆದುಕೊಂಡು ಹೋಗಿ ತನ್ನ ಸೆಂಟನ್ನು ಅವನ ಕತ್ತಿಗೆ ಸುರಿದ. ಹಳೇ ಪೇಂಟು ಡಬ್ಬದ ಜಾಗದಲ್ಲೂ ಮೂಗು ಮುಚ್ಚಿಕೊಳ್ಳದ ಯುಟ್ಟೆ ಆಗ ಕಿಟಕಿ ತೆರೆದಳು.

ಟೋರ್ಬೆನ್ ಮುಖ ತೊಳೆಯುವಾಗ ಫೋನನ್ನು ಮೇಜಿನ ಮೇಲೆ ಬಿಟ್ಟದ್ದು ದೊಡ್ಡ ತಪ್ಪಾಯಿತು. ಬಂದು ನೋಡಿದರೆ ಕುರ್ಟ್ ಹಲ್ಲು ಕಿರಿಯುತ್ತಿದ್ದ.

"ನಿನ್ನ ಪರವಾಗಿ ಒಂದು ಮಾತು ಬರ್ದೆ ಕಣೋ. 'ಕಾಯೋಕಾಗ್ತಿಲ್ಲ', ಪಕ್ಕದಲ್ಲಿ ಒಂದು ಕೆಂಪು ಹೃದಯ."

"ಕುರ್ಟ್!" ಟೋರ್ಬೆನ್‌ನ ದನಿ ಕೀರಲಾಯಿತು. "ಏನ್ ಮಾಡಿದ್ಯೋ ಮಾರಾಯ! ಅವಳು ಏನಂದ್ಕೋತಾಳೆ?"

ಅಷ್ಟರಲ್ಲಿ ಉತ್ತರ ಬಂತು. ಟೋರ್ಬೆನ್ ಒಂದು ಕಣ್ಣು ಮುಚ್ಚಿಕೊಂಡೇ ಓದಿದ. "ನಾನೂ ತುಂಬಾ ದಿನದಿಂದ ಕಾಯ್ತಿದ್ದೀನಿ. ಬೈಬೇಡ, ಅಷ್ಟು ಸಾಕು."

ಅವನು ಗೋಡೆಯ ಕಡೆ ತಿರುಗಿ ನಿಂತ. ಅವನು ಮೂರೂವರೆಗೆ ಸೈಕಲ್ ಹತ್ತಿದ ಮೇಲೆ ಯುಟ್ಟೆ ಗೇಟಿಗೆ ಬೀಗ ಹಾಕಿಸಿದಳು. "ಇವನ ಮನೆ ಮಾರಿಸ್ತಾರೆ ನೋಡು. ನಡಿ, ಹಿಂದೇ ಹೋಗೋಣ."

ಟೋರ್ಬೆನ್ ದಾರಿಯಲ್ಲಿ ಟಿಲ್ಡೆಗೆ ಇಷ್ಟವಾದ ಕಪ್ಪು ಉಪ್ಪುಮಿಠಾಯಿಯ ಪೊಟ್ಟಣ ಕೊಂಡ. ಕಾಫಿ ಅಂಗಡಿಯ ಮೂಲೆಯಲ್ಲಿ ಬಾಗಿಲಿಗೆ ಮುಖ ಮಾಡಿ ಕೂತ. ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿದ್ದ: ಅವತ್ತು ನಾನು ಹಾಗೆ ಕೇಳಬಾರದಿತ್ತು. ಅಷ್ಟೇ.

ಬಾಗಿಲು ತೆರೆಯಿತು. ಮೊದಲು ಹಸಿರು ಟೊಪ್ಪಿ ಕಂಡಿತು. ಅದರ ಕೆಳಗೆ ಬಿಳಿ ಮೀಸೆ, ದಪ್ಪ ಕನ್ನಡಕ. ಕೈಯಲ್ಲಿ ಅದೇ ಕಪ್ಪು ಉಪ್ಪುಮಿಠಾಯಿಯ ಪೊಟ್ಟಣ. ಮೊಗೆನ್ಸ್!

ಟೋರ್ಬೆನ್ ಅಂದುಕೊಂಡ: ಟಿಲ್ಡೆಗೆ ಗೊತ್ತಾಗಿಬಿಟ್ಟಿದೆ. ಅವಳು ತಾನು ಬರದೆ ಇವನನ್ನು ಕಳಿಸಿದ್ದಾಳೆ. ಮೊಗೆನ್ಸ್ ಕೂಡ ಅವನನ್ನು ನೋಡಿ ಕಂಬದ ಹಾಗೆ ನಿಂತ. ಆಮೇಲೆ ತಲೆತಗ್ಗಿಸಿಕೊಂಡು ಹತ್ತಿರ ಬಂದ.

"ಅವಳು... ಬರಲ್ಲ ಅಂದಳಾ?" ಎಂದ ಟೋರ್ಬೆನ್.

"ಅದನ್ನೇ ನಾನು ನಿನ್ನ ಕೇಳೋಣ ಅಂತಿದ್ದೆ," ಎಂದ ಮೊಗೆನ್ಸ್.

ಮುಂದಿನ ಮಾತಿಗೆ ಮೊದಲೇ ಬಾಗಿಲು ದಡಾರನೆ ತೆರೆದು ಕುರ್ಟ್ ಒಳಗೆ ನುಗ್ಗಿದ, ಹಿಂದೆ ಏದುಸಿರು ಬಿಡುತ್ತಾ ಯುಟ್ಟೆ. ಕುರ್ಟ್ ನೇರವಾಗಿ ಬಂದು ಮೊಗೆನ್ಸ್‌ನ ಕೊರಳಪಟ್ಟಿ ಹಿಡಿದ.

"ಹಸಿರು ಟೊಪ್ಪಿ ನೀನೇನೋ? ಇಪ್ಪತ್ತನಾಲ್ಕರ ಹುಡುಗಿ ಅಂತ ನಂಬಿಸಿ ನಮ್ಮೋನ ಹತ್ರ ದುಡ್ಡು ಕೀಳಕ್ಕೆ ಬಂದಿದ್ದೀಯಾ? ಮೀಸೆ ಬಿಟ್ಕೊಂಡು ನಾಚಿಕೆ ಆಗಲ್ವಾ?"

"ನಾನೆಲ್ಲಿ ಹುಡುಗಿ ಅಂದೆ?" ಎಂದು ಮೊಗೆನ್ಸ್ ತೊದಲಿದ. "ಟೊಪ್ಪಿ ನಾನೇ ಹೌದು. ಆದ್ರೆ ಕಪ್ಪುಹಕ್ಕೀನೇ ಹುಡುಗಿ ಅಂತ ನಾನು ಅಂದ್ಕೊಂಡಿದ್ದು!"

"ನಾನೇ ಕಪ್ಪುಹಕ್ಕಿ," ಎಂದ ಟೋರ್ಬೆನ್.

ಅಂಗಡಿಯಲ್ಲಿ ಎಲ್ಲರೂ ಬಟ್ಟಲು ಕೆಳಗಿಟ್ಟು ಇವರನ್ನೇ ನೋಡುತ್ತಿದ್ದರು. ಕುರ್ಟ್ ಹಿಡಿತ ಇನ್ನೂ ಬಿಗಿ ಮಾಡಿದ.

"ಬಿಡು ಕುರ್ಟ್," ಎಂದ ಟೋರ್ಬೆನ್. "ಬಿಟ್ಬಿಡು ಅವನನ್ನ. ಇವನು ನನ್ನ ಮಗಳ ಅಪ್ಪ."

ಹದಿನಾಲ್ಕು ವರ್ಷ ಬೇರೆಯವರ ಬಾಯಲ್ಲಿ ಕೇಳಿದರೂ ಉರಿದುಹೋಗುತ್ತಿದ್ದ ಮಾತು ಅದು. ಈಗ ಅವನ ಬಾಯಿಂದಲೇ ಬಂತು. ಕುರ್ಟ್ ಕೈ ಬಿಟ್ಟ. ಮೊಗೆನ್ಸ್ ಕುರ್ಚಿ ಎಳೆದುಕೊಂಡು ಕುಸಿದು ಕೂತ.

"ಹಾನ್ಸೆನಮ್ಮ ಅಂತ ಬರೆದಿದ್ದೆಯಲ್ಲ," ಎಂದ. "ಆ ಹೆಸರು ಅವಳನ್ನ ಬಿಟ್ಟು ಇನ್ಯಾರಿಗೆ ಗೊತ್ತು ಅಂದ್ಕೊಂಡೆ."

"ಜೀನು ಬಿಚ್ಚಿ ಬಿಡ್ತೀನಿ ಅಂತ ನೀನು ಬರೆದಿದ್ದೆ. ನಾನೂ ಹಾಗೇ ಅಂದ್ಕೊಂಡೆ."

ಒಂದೇ ಕೆರೆಯ ಎರಡು ದಡದಲ್ಲಿ ಕೂತ ಇಬ್ಬರು, ಒಬ್ಬರ ಗಾಳವನ್ನು ಒಬ್ಬರು ಮೀನೆಂದು ಎಳೆದುಕೊಂಡಿದ್ದರು. ಯುಟ್ಟೆಗೆ ಅರ್ಧ ಮಾತ್ರ ಅರ್ಥವಾಯಿತು. ಅರ್ಧ ಅರ್ಥವಾದಾಗಲೇ ಅವಳಿಗೆ ಸಹಾಯ ಮಾಡುವ ಉತ್ಸಾಹ ಹೆಚ್ಚು. "ಸರಿ ಹೋಯ್ತಲ್ಲ! ಹೆಂಗೂ ಎಲ್ಲಾ ಸೇರಿದ್ದೀವಿ, ಟಿಲ್ಡೆಗೂ ಒಂದು ಫೋನ್ ಮಾಡಿ, ಬಂದು ಕಾಫಿ ಕುಡೀಲಿ."

ಟೋರ್ಬೆನ್ ಮೊಗೆನ್ಸ್‌ನ ಕಡೆ ನೋಡಿದ. "ನೀನೇ ಮಾಡು. ನಿನ್ನ ಮನೇಲಿರೋಳು, ನೀನು ಕರೆದ್ರೆ ಬರ್ತಾಳೆ."

"ನನ್ನ ಮನೇಲಾ?" ಮೊಗೆನ್ಸ್ ಕನ್ನಡಕ ತೆಗೆದ. "ಅವತ್ತು ಎಲ್ಲರೆದುರು ನೀನು ಕರೆದೆಯಲ್ಲ ಟೋರ್ಬೆನ್. ಅವಳು ಎದ್ದು ಹೋದಳು. ವಾಪಸ್ಸು ಬರಲೇ ಇಲ್ಲ. ನಿನ್ನ ಹತ್ತಿರ ಹೋದಳು ಅಂತ... ರಕ್ತ ಸಂಬಂಧ ಅಲ್ವಾ, ನಾನು ಯಾವ ಬಾಯಲ್ಲಿ ಕೇಳ್ಲಿ ಅಂತ ಸುಮ್ನಿದ್ದೆ."

"ಕ್ರಿಸ್‌ಮಸ್‌ಗೆ ಒಂದು ಕಾರ್ಡು ಬರುತ್ತೆ," ಎಂದ ಟೋರ್ಬೆನ್. "ವಿಳಾಸ ಇರಲ್ಲ."

"ನನಗೂ."

ಯುಟ್ಟೆ ಏನೋ ಹೇಳಲು ಬಾಯಿ ತೆರೆದು, ಆ ಎಲ್ಲ ಭಾನುವಾರಗಳ ಹಂದಿಮಾಂಸ ನೆನಪಾಗಿ ಬಾಯಿ ಮುಚ್ಚಿದಳು. ಕುರ್ಟ್‌ನ ತೋಳು ಹಿಡಿದು ಎಳೆದುಕೊಂಡು ದೂರದ ಮೇಜಿಗೆ ಹೋದಳು. ಅವಳ ಜೀವನದಲ್ಲಿ ಅವಳು ಬೇರೆಯವರ ವಿಷಯದಿಂದ ಹಿಂದೆ ಸರಿದದ್ದು ಅದೇ ಮೊದಲು ಇರಬೇಕು.

ಎರಡು ಪೊಟ್ಟಣಗಳು ಮೇಜಿನ ಮೇಲೆ ಒಡೆಯದೆ ಬಿದ್ದಿದ್ದವು. ನಿನ್ನೆಯವರೆಗೆ ಇಬ್ಬರಿಗೂ ಗುರುವಾರಕ್ಕೊಮ್ಮೆಯಾದರೂ ಮಗಳು ಸಿಗುತ್ತಿದ್ದಳು. ಬೆಳಕು ಇಳಿಯುತ್ತಿತ್ತು, ವಿಬೋರ್ಗ್‌ನ ಬಸ್ಸಿಗೆ ಹೊತ್ತಾಗಿತ್ತು. ಮೊಗೆನ್ಸ್ ಎದ್ದು ಟೊಪ್ಪಿ ಸರಿಮಾಡಿಕೊಂಡ.

"ಹಾಗಾದ್ರೆ ಇನ್ನು ಬರೆಯೋದು ಬೇಡ ಅಲ್ವಾ?"

ಟೋರ್ಬೆನ್ ಒಂದು ಪೊಟ್ಟಣವನ್ನು ಅವನ ಕಡೆ ಸರಿಸಿದ.

"ಬರಿ," ಎಂದ. "ಇಲ್ಲಿವರೆಗೆ ಹೇಗೆ ಬರೀತಿದ್ಯೋ ಹಾಗೇ ಬರಿ ಮೊಗೆನ್ಸ್. ನಾನು ಗೊತ್ತಿಲ್ಲದವನ ಹಾಗೆ ಓದ್ತೀನಿ."

ಮೊಗೆನ್ಸ್ ಬಾಗಿಲ ಬಳಿ ನಿಂತು ತಲೆಯಾಡಿಸಿದ. "ನೀನೂ ಬರಿ," ಎಂದ.