ಮೂರನೇ ಸಲ ಕರೆಯುವ ತನಕ

ವಿನಯ ಹೆಚ್ಚಾದ ಕಡೆ ಏನಾದರೊಂದು ಎಡವಟ್ಟು ಆಗುತ್ತಲೇ ಇರುತ್ತದೆ. ದಾವಣಗೆರೆಯ ನಮ್ಮ ಕ್ರೈಸ್ತ ಸಭೆಯಲ್ಲಂತೂ ಹೆಮ್ಮೆ ಪಡುವವರೇ ಇರಲಿಲ್ಲ; ಆ ವಿಷಯದಲ್ಲಿ ನಮಗೆ ಬಹಳ ಹೆಮ್ಮೆಯಿತ್ತು. ಹಾಡಲು ಕರೆದರೆ ಮೊದಲ ಸಲ ತಲೆ ತಗ್ಗಿಸಬೇಕು, ಎರಡನೇ ಸಲ "ನನಗೇನು ಬರ್ತೈತಿ ಬಿಡ್ರಿ" ಅನ್ನಬೇಕು, ಮೂರನೇ ಸಲಕ್ಕೆ ಏಳಬೇಕು. ಮೊದಲ ಸಲಕ್ಕೇ ಎದ್ದವನನ್ನು ವರ್ಷಗಟ್ಟಲೆ ಆಡಿಕೊಳ್ಳುತ್ತಿದ್ದರು. ಎಪ್ಪತ್ತರ ದಶಕದ ಮಾತು. ನಾನಾಗ ದಿನಾ ರೈಲಿನಲ್ಲಿ ಹರಿಹರಕ್ಕೆ ಹೋಗಿ ಕಾರ್ಖಾನೆಯೊಂದರಲ್ಲಿ ಬಡಗಿ ಕೆಲಸ ಮಾಡುತ್ತಿದ್ದೆ. ಭಾನುವಾರ ಮಾತ್ರ ಈ ವಿನಯವಂತರ ನಡುವೆ.

ಟವೆಲ್ಲು

ಚರ್ಚಿನೊಳಗೆ ಮುಂದಿನ ಸಾಲಿನ ಬೆಂಚುಗಳು ಸದಾ ಖಾಲಿ. ಪೈಪೋಟಿಯೆಲ್ಲ ಕೊನೆಯ ಬೆಂಚಿಗೆ. ಸಭೆಯ ಹಿರಿಯರಿಬ್ಬರಿಗೆ ಬಾಗಿಲ ಪಕ್ಕದ ಕೊನೆಯ ಜಾಗವೇ ಆಗಬೇಕು. ಅಲ್ಲಿ ಕೂತವರೇ ಹೆಚ್ಚು ದೀನರು ಎಂದು ಅವರ ನಂಬಿಕೆ. ಒಬ್ಬರು ಬೇಗ ಬಂದರೆ ಇನ್ನೊಬ್ಬರು ಅವರಿಗಿಂತ ಬೇಗ. ಒಂದು ಭಾನುವಾರ ಮೊದಲನೆಯವರು, ಮಲೆಬೆನ್ನೂರು ಬಸ್ಸಿನ ಕಿಟಕಿಯಿಂದ ಸೀಟಿಗೆ ಎಸೆಯುವ ಹಾಗೆ, ಆ ಜಾಗಕ್ಕೆ ಟವೆಲ್ಲು ಹಾಕಿ ಹೊರಗೆ ಹೋಗಿದ್ದರು. ಎರಡನೆಯವರು ಬಂದು ಅದರ ಮೇಲೇ ಕೂತರು.

"ಏಳ್ರಿ, ಟವೆಲ್ ನಂದೈತೆ."

"ಟವೆಲ್ ತಗೊಳ್ರಿ, ಜಾಗ ದೇವರದು. ನಿಮ್ಮಂಥ ದೊಡ್ಡೋರು ಮುಂದೆ ಕೂಡ್ರಬೇಕು."

"ಯಾರಿಗ್ರೀ ದೊಡ್ಡೋನು ಅಂತೀರಿ? ನಿಮಗಿಂತ ಸಣ್ಣೋನು ನಾನು!"

ಆರಾಧನೆ ಹತ್ತು ನಿಮಿಷ ತಡವಾಯಿತು. ಪಾದ್ರಿ ಅಯ್ಯನವರು ಏನೂ ಬೈಯಲಿಲ್ಲ. ಮುಂದಿನ ವಾರ ಬಾಗಿಲ ಹತ್ತಿರ ಮೇಜು ಹಾಕಿಸಿಕೊಂಡು ಅಲ್ಲಿಂದಲೇ ಪ್ರಸಂಗ ಮಾಡಿದರು. ಹಿರಿಯರಿಬ್ಬರೂ ಇಡೀ ಒಂದು ಗಂಟೆ ಅವರ ಮೂಗಿನ ಕೆಳಗೆ, ಒಂದು ಆಕಳಿಕೆ ಕೂಡ ಇಲ್ಲದೆ ಕೂತಿದ್ದರು.

ಉಪ್ಪು

ಸುಗ್ಗಿ ಹಬ್ಬದ ಊಟಕ್ಕೆ ನಮ್ಮ ಸಭೆಯ ಟೀಚರಮ್ಮ ಪಲಾವ್ ಮಾಡಿದ್ದರು. ಯಾರು ಹೊಗಳಿದರೂ "ನಂದೇನೈತ್ರಿ, ಎಲ್ಲಾ ಕರ್ತನ ಕೃಪೆ" ಎನ್ನುತ್ತಿದ್ದರು. ನನ್ನ ಹೆಂಡತಿ ಆನಗೋಡಿನವಳು, ಅನ್ನಿಸಿದ್ದನ್ನು ಅಲ್ಲೇ ಅನ್ನುವವಳು. ಎರಡು ತುತ್ತು ತಿಂದು, "ಟೀಚರ್, ಉಪ್ಪು ಜಾಸ್ತಿ ಆಗೈತಲ್ರೀ" ಅಂದಳು.

ಟೀಚರಮ್ಮ ತಡ ಮಾಡಲಿಲ್ಲ. "ಉಪ್ಪು ಹಾಕಿದ್ದು ನಮ್ಮನೆಯೋರು."

ಹಲಗೆ

ಅಯ್ಯನವರು ನಿಂತು ಪ್ರಸಂಗ ಮಾಡುವ ಮರದ ಪೀಠಕ್ಕೆ ಗೆದ್ದಲು ಹಿಡಿಯಿತು. ಹೊಸದು ಮಾಡಿಕೊಡಲು ನನ್ನನ್ನು ಕೇಳಿದರು. ಮೂರನೇ ಸಲಕ್ಕೆ ಒಪ್ಪಿಕೊಂಡು, ಸಾಗವಾನಿ ಹಲಗೆಗಾಗಿ ಮರ ಕೊಯ್ಯುವ ಸಾಮಿಲ್ಲಿನ ಸಾಹೇಬರ ಹತ್ತಿರ ಹೋದೆ.

"ಇದು ನೋಡ್ರಿ, ದಾವಣಗೆರೆಯಾಗ ಇಂಥ ಹಲಗೆ ಇನ್ನೊಂದಿಲ್ಲ. ಆ ಕಡೀದು ಬ್ಯಾಡ, ಒಳಗೆ ಗಂಟು ಐತೆ" ಅಂದರು ಸಾಹೇಬರು. ಎಷ್ಟು ಜಂಬ ಈ ಮನುಷ್ಯನಿಗೆ ಅಂದುಕೊಂಡೆ. ಅವರು, "ನಿಮ್ಮ ಕೆಲಸ ಹೆಂಗೆ?" ಎಂದು ಕೇಳಿದರು.

"ಏನೋ, ಸುಮಾರಾಗಿ ಮಾಡ್ತೀನ್ರಿ."

ಸಾಹೇಬರು ಹಲಗೆಯನ್ನು ವಾಪಸ್ ಗೋಡೆಗೆ ಒರಗಿಸಿದರು. "ಸುಮಾರು ಕೆಲಸಕ್ಕೆ ಈ ಮಾಲು ಕೊಡಲ್ಲ. ಗಂಟಿಂದೇ ತಗಂಡು ಹೋಗ್ರಿ."

ಆಚೀಚೆ ನೋಡಿದೆ. ಸಭೆಯವರು ಯಾರೂ ಕಾಣಲಿಲ್ಲ. "ಚಲೋ ಮಾಡ್ತೀನಿ" ಅಂದೆ.

"ಜೋರಾಗಿ ಹೇಳ್ರಿ. ಮಿಷಿನ್ ಸದ್ದಿಗೆ ಕೇಳವಲ್ದು."

ಪೀಠ

ಎರಡು ತಿಂಗಳು, ಕೆಲಸದಿಂದ ಬಂದ ಮೇಲೆ ದಿನಾ ಕೂತು ಪೀಠ ಮಾಡಿದೆ. ಹೆಂಡತಿ ಉಜ್ಜಿ ಉಜ್ಜಿ ಪಾಲಿಶ್ ಹಚ್ಚಿದಳು. ಪೀಠದ ಪ್ರತಿಷ್ಠೆಗೆ ಬಿಷಪ್ಪರು ಬರುವವರಿದ್ದರು. ಅಯ್ಯನವರು "ನಿಮ್ಮ ಹೆಸರು ಹೇಳ್ಲೇನ್ರಿ?" ಅಂದಾಗ "ಬ್ಯಾಡ್ರಿ, ಬ್ಯಾಡ್ರಿ" ಅಂದೆ. ಅವರು "ಆತು ಬಿಡ್ರಿ" ಎಂದು ಹೊರಟೇ ಹೋದರು! ಇನ್ನೂ ಎರಡು ಸಲ ಕೇಳುತ್ತಾರೆ ಎಂದು ವಾರವೆಲ್ಲ ಕಾದೆ. ಕೇಳಲಿಲ್ಲ. ಸುಳ್ಳು ಯಾಕೆ ಹೇಳಲಿ, ನನಗೆ ಊಟ ಸೇರಲಿಲ್ಲ. ಅಂಥ ಕೆಲಸ ನನ್ನ ಕೈಯಿಂದ ಹಿಂದೆಂದೂ ಆಗಿರಲಿಲ್ಲ. ಒಬ್ಬರಾದರೂ ಅದನ್ನು ಹೇಳಲಿ ಎಂದು ಜೀವ ಹಂಬಲಿಸುತ್ತಿತ್ತು.

ಆ ದಿನ ಬಿಷಪ್ಪರು ಪೀಠದ ಅಂಚು ಸವರಿ, "ಬಹಳ ಚೆನ್ನಾಗಿದೆ. ಯಾರು ಮಾಡಿದ್ದು?" ಎಂದರು.

ನಾನು ತಲೆ ತಗ್ಗಿಸಿದೆ. ಇದು ಮೊದಲ ಸಲವಲ್ಲವೇ? ಆದರೆ ಅವರು ಹೊರ ಊರಿನವರು, ನಮ್ಮ ಪದ್ಧತಿ ಅವರಿಗೇನು ಗೊತ್ತು? ಮತ್ತೆ ಕೇಳಲೇ ಇಲ್ಲ. ಪುಸ್ತಕ ತೆರೆದರು. ಹೆಂಗಸರ ಸಾಲಿನಿಂದ ಹೆಂಡತಿ ನನ್ನತ್ತ ಕಣ್ಣು ಕೆಕ್ಕರಿಸಿದಳು. ಇನ್ನು ತಡೆಯಲಾಗದೆ ಧಡಕ್ಕನೆ ಎದ್ದು ನಿಂತೆ. ಅದೇ ಕ್ಷಣಕ್ಕೆ ಬಿಷಪ್ಪರು "ಪ್ರಾರ್ಥನೆಗೆ ಏಳೋಣ" ಅಂದರು. ಇಡೀ ಸಭೆ ಎದ್ದಿತು. ನನ್ನ ಧೈರ್ಯ ಯಾರ ಕಣ್ಣಿಗೂ ಬೀಳಲಿಲ್ಲ.

ಆಮೆನ್ ಆಯಿತು. ಎಲ್ಲರೂ ಕೂತರು. ನಾನು ಕೂರಲಿಲ್ಲ.

"ಏನಾದರೂ ಹೇಳಬೇಕಾ?" ಬಿಷಪ್ಪರು ಕೇಳಿದರು.

"ಈ ಪೀಠ ಮಾಡಿದ್ದು ನಾನೇ ರೀ, ಬಿಷಪ್ ಅಯ್ಯನೋರೇ. ಈ ಕೈಗಳನ್ನ ಕೊಟ್ಟಾತ ದೇವರು. ಕೆಲಸ ಮಾತ್ರ ಚಲೋ ಆಗೈತೆ."

 ಬಿಷಪ್ಪರು ನಕ್ಕರು. "ಹೌದು, ನಿಜವಾಗಿ ಚೆನ್ನಾಗಿ ಆಗಿದೆ. ಬನ್ನಿ ಇಲ್ಲಿ" ಎಂದು ಕೈ ಚಾಚಿದರು. ನನ್ನ ಕಣ್ಣು ತುಂಬಿ ಬಂತು. ಆದರೆ ಹಳೇ ಅಭ್ಯಾಸ ಅಷ್ಟು ಸುಲಭವಾಗಿ ಬಿಡುತ್ತದೆಯೇ? ಇನ್ನೆರಡು ಸಲ ಕರೆಯಲಿ ಎಂದು ತಲೆ ತಗ್ಗಿಸಿ ಅಲ್ಲೇ ನಿಂತೆ.

ಅಷ್ಟರಲ್ಲಿ ನನ್ನ ಹೆಂಡತಿ, ಯಾರೂ ಒಂದು ಸಲವೂ ಕರೆಯದೆ, "ಪಾಲಿಶ್ ನಂದ್ರೀ!" ಎನ್ನುತ್ತಾ ಎದ್ದು ಹೋಗಿ, ಚಾಚಿದ ಆ ಕೈ ಹಿಡಿದು ಕುಲುಕಿಬಿಟ್ಟಳು.